ಹೊಸ್ತಿಲಿಗೆ ನೂರಕ್ಕೆ ನೂರು

ಸರಕಿನ ಗೋದಾಮೊಂದು ಬುದ್ಧಿವಂತ ಯಂತ್ರಗಳಿಗೆ ತಯಾರಿದೆಯೋ ಇಲ್ಲವೋ ನೋಡಲು ಒಂದು ಟ್ಯಾಬ್ಲೆಟ್ ಬಂತು. ಹದಿನೆಂಟು ವರ್ಷದಿಂದ ಅಲ್ಲೇ ಮೂಟೆ ಹೊರುತ್ತಿದ್ದ ತಳ್ಳುಗಾಡಿಯನ್ನು ಕರೆದು, "ವೈಫೈ ಇದೆಯೋ? ಕ್ಯಾಮೆರಾ ಇದೆಯೋ?" ಎಂದು ಕೇಳಿತು.

"ಎಲ್ಲ ಇದೆ ಸ್ವಾಮಿ. ಬಾಗಿಲಲ್ಲಿ ಗೇಣೆತ್ತರದ ಹೊಸ್ತಿಲೂ ಇದೆ. ದಿನಾ ಅರಿಸಿನ ಕುಂಕುಮ ಇಡುವ ಹೊಸ್ತಿಲು ಅಂತ ಯಾರೂ ಒಡೆಯುವುದಿಲ್ಲ. ನನ್ನ ದೊಡ್ಡ ಚಕ್ರ ಹೇಗೋ ಹತ್ತುತ್ತದೆ, ಯಂತ್ರದ ಪುಟ್ಟ ಚಕ್ರ ಹತ್ತದು. ಮೊದಲು ಅದಕ್ಕೊಂದು ಇಳಿಜಾರು ಹಲಗೆ ಹಾಕಿಸಿ."

"ಹೊಸ್ತಿಲಿನ ಪ್ರಶ್ನೆ ನನ್ನ ಪಟ್ಟಿಯಲ್ಲಿಲ್ಲ," ಎಂದ ಟ್ಯಾಬ್ಲೆಟ್ ನೂರಕ್ಕೆ ತೊಂಬತ್ತು ಅಂಕ ಕೊಟ್ಟು ಹೋಯಿತು.

ತಿಂಗಳೊಳಗೆ ತಾನೇ ಓಡಾಡುವ ಯಂತ್ರ ಬಂತು. ಹೊಸ್ತಿಲ ಮುಂದೆ ನಿಂತು, "ಗೋಡೆ ಇದೆ, ಬರಲಾರೆ," ಎಂದಿತು. ಗಾಡಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ವಿಧಿಯಿಲ್ಲದೆ ಬೆಳಿಗ್ಗೆ ಸಂಜೆ ಅದನ್ನೂ ಬೆನ್ನ ಮೇಲೆ ಹೊತ್ತು ದಾಟಿಸತೊಡಗಿತು.

ವರ್ಷ ಕಳೆದು ಟ್ಯಾಬ್ಲೆಟ್ ಮತ್ತೆ ಬಂತು. ಈ ಸಲ ಪಟ್ಟಿಯಲ್ಲಿ ಹೊಸ್ತಿಲೂ ಇತ್ತು. ಗಾಡಿಗೆ ಹೋದ ಜೀವ ಬಂದಂತಾಯಿತು.

"ಯಂತ್ರ ಹೊಸ್ತಿಲು ದಾಟುತ್ತಿದೆಯೋ?"

"ದಾಟುತ್ತಿದೆ, ನನ್ನ ಬೆನ್ನ ಮೇಲೆ ಕೂತು!"

"ಹೌದು, ಇಲ್ಲ, ಎರಡರಲ್ಲಿ ಒಂದು ಹೇಳು."

ಗಾಡಿ ಹಲ್ಲು ಕಚ್ಚಿಕೊಂಡು "ಹೌದು" ಎಂದಿತು.

ಟ್ಯಾಬ್ಲೆಟ್ ನೂರಕ್ಕೆ ನೂರು ಕೊಟ್ಟು, ಕೆಳಗೊಂದು ಸಾಲು ಬರೆಯಿತು: "ತಳ್ಳುಗಾಡಿಯ ಅಗತ್ಯ ಇನ್ನಿಲ್ಲ."