ಹಲಸಿನ ಹೊಟ್ಟೆಗೆ ಕಂಬಳಿ

ಭೂಮಿ ಇನ್ನೂ ಹೊಸದಾಗಿತ್ತು. ಬೊಮ್ಮಜ್ಜನಿಗೆ ಆಗಲೇ ಸಾಕಾಗಿತ್ತು. ಆರನೆಯ ವರ್ಷವೂ ಹಲಸಿನ ಮೊಗ್ಗುಗಳೆಲ್ಲ ಮಂಜು ಕೂತು ಕಪ್ಪಾಗಿ ಉದುರಿದ್ದವು.

ಆಗ ಹಲಸು ಮಾವಿನ ಹಾಗೆ ಕೊಂಬೆಯ ತುದಿಯಲ್ಲಿ ಬಿಡುತ್ತಿತ್ತು. ಅದು ಬಿಸಿಲುನಾಡಿನ ಮರ. ಬೊಮ್ಮಜ್ಜ ಕುರಿ ಕಾಯುತ್ತಿದ್ದದ್ದು ಚಳಿಬೆಟ್ಟದ ಮೇಲೆ. ಹೆಂಡತಿ ಗಿರಿಯವ್ವ ಕೆಳಗಿನ ಬಿಸಿಲುನಾಡಿನವಳು. ಮದುವೆಯಾಗಿ ಬರುವಾಗ ಸೆರಗಿನಲ್ಲಿ ಒಂದು ಹಲಸಿನ ಬೀಜ ಕಟ್ಟಿಕೊಂಡು ಬಂದು ಇಲ್ಲಿ ನೆಟ್ಟಿದ್ದಳು. ತವರಿನ ಹಣ್ಣನ್ನು ಇನ್ನೊಮ್ಮೆ ತಿನ್ನಬೇಕು, ಅದೊಂದೇ ಅವಳ ಆಸೆ.

ಬೊಮ್ಮಜ್ಜ ಕೊಡಲಿ ತಂದ.

"ಇನ್ನು ನೀರು ಹೊತ್ತು ಸಾಯಲಾರೆ. ಕಡಿದು ಒಲೆಗೆ ಹಾಕ್ತೀನಿ."

"ಇದೊಂದು ಚಳಿಗಾಲ ತಡೀರಿ," ಎಂದಳು ಗಿರಿಯವ್ವ.

"ಹೋದ ವರ್ಷವೂ ಇದನ್ನೇ ಅಂದೆ."

"ಹೋದ ವರ್ಷ ನಿಮಗೂ ಬೇರೆ ಉಪಾಯ ಹೊಳೀಲಿಲ್ಲವಲ್ಲ."

ಅವನು ಕೊಡಲಿ ಕೆಳಗಿಟ್ಟ. "ಇದೇ ಕೊನೆ."

ಮರ ಸಾಕುವುದು ಅವನಿಗೆ ಗೊತ್ತಿರಲಿಲ್ಲ. ಕುರಿ ಸಾಕುವುದು ಗೊತ್ತಿತ್ತು. ಚಳಿ ಹಿಡಿದ ಮರಿಗೆ ಹೊಟ್ಟೆಯ ಸುತ್ತ ಕಂಬಳಿ ಕಟ್ಟುತ್ತಾರೆ. ಹಾಗೆಯೇ ತಾನು ಹೊದ್ದದ್ದನ್ನು ತೆಗೆದು ಹಲಸಿನ ಬೊಡ್ಡೆಗೆ ಸುತ್ತಿ ಹುರಿಯಿಂದ ಬಿಗಿದ.

ಚಳಿಗಾಳಿ ಬಂತು. ನೋಡಿ ನಕ್ಕಿತು.

"ಲೋ ಮುದುಕ, ಮೊಗ್ಗು ಬಿಡೋದು ತುದಿಯಲ್ಲಿ. ನೀನು ಕಂಬಳಿ ಕಟ್ಟಿದ್ದು ಹೊಟ್ಟೆಗೆ! ಕುರಿಯೇನೋ ಅದು?"

"ಇರೋದು ಒಂದೇ ಕಂಬಳಿ. ಕೈ ಎಟುಕೋದು ಅಲ್ಲಿಗೇ. ಹೋಗು."

ಗಾಳಿ ಹೋಗಲಿಲ್ಲ. ತುದಿಯ ಮೊಗ್ಗನ್ನೆಲ್ಲ ಸುಟ್ಟಿತು. ಬೊಮ್ಮಜ್ಜ ಕುರಿಗಳ ನಡುವೆ ಮುದುರಿ ಕೂತು ಕೆಮ್ಮಿದ.

ಮರಕ್ಕೂ ಸಾಕಾಗಿತ್ತು.

"ಅಜ್ಜ, ಮೊಗ್ಗನ್ನು ಮೇಲಕ್ಕೆ ಕಳಿಸಿ ಕಳಿಸಿ ಸೋತೆ. ಹೋದದ್ದೆಲ್ಲ ಸಾಯುತ್ತೆ. ನನ್ನ ಮೈಯಲ್ಲಿ ಬೆಚ್ಚಗಿರೋದು ಹೊಟ್ಟೆ ಒಂದೇ."

"ಹಾಗಾದರೆ ಅಲ್ಲೇ ಬಿಡು."

"ಅಲ್ಲಿ ಯಾವ ಮರವೂ ಬಿಟ್ಟಿಲ್ಲ."

"ಯಾವ ಮರಕ್ಕೂ ಯಾರೂ ಕಂಬಳಿ ಹೊದಿಸಿಲ್ಲ."



ಚಳಿ ಇಳಿಯುವ ಹೊತ್ತಿಗೆ ಕಂಬಳಿ ಉಬ್ಬತೊಡಗಿತು. ಬಿಸಿಲು ಬಂದರೂ ಬೊಮ್ಮಜ್ಜ ಅದನ್ನು ಬಿಚ್ಚಲಿಲ್ಲ. ಅದು ಉಬ್ಬಿತು, ಇನ್ನೂ ಉಬ್ಬಿತು. ಒಂದು ಬೆಳಿಗ್ಗೆ ಹುರಿ ಹರಿಯಿತು. ಒಳಗೆ ಕುರಿಮರಿಯಷ್ಟು ದೊಡ್ಡ ಹಣ್ಣು. ಒರಟು ಕಂಬಳಿ ಚುಚ್ಚಿ ಚುಚ್ಚಿ ಅದರ ಮೈಯೆಲ್ಲ ಮುಳ್ಳೆದ್ದಿತ್ತು.

ಗಿರಿಯವ್ವ ಕೈಗೆ ಎಣ್ಣೆ ಹಚ್ಚಿಕೊಂಡು ಹಣ್ಣು ಹೆಚ್ಚಿದಳು. ಒಂದು ತೊಳೆ ಬಾಯಿಗಿಟ್ಟುಕೊಂಡಳು.

"ಹೇಗಿದೆ?"

"ನಮ್ಮೂರಿನದಕ್ಕಿಂತ ಸಪ್ಪೆ," ಎಂದು ಇನ್ನೊಂದು ತೊಳೆ ತೆಗೆದುಕೊಂಡಳು.

ಆ ಹಣ್ಣಿನ ಬೀಜಗಳೇ ಊರೂರಿಗೆ ಹೋದವು. ಇವತ್ತಿಗೂ ಹಲಸು ಬೊಡ್ಡೆಯಲ್ಲಿ ಬಿಡುತ್ತದೆ.