ಬೆಳ್ಳಿಯ ಕೊನೆಯ ಓಟ

ಹೊಳೆಯ ಈಚೆ ದಡದಲ್ಲಿ ಆಶ್ರಮ, ಆಚೆ ದಡದಲ್ಲಿ ಕುದುರೆ ಓಟದ ಬಯಲು. ಶಿಷ್ಯರು ಓಟ ನೋಡಿ ಬರಬಹುದು, ಪಣ ಮಾತ್ರ ಕಟ್ಟಬಾರದು ಎಂದು ಗುರುಗಳು ಹೇಳಿದ್ದರು.

ಶಿಷ್ಯ ಏಕಾಂತಯ್ಯನಿಗೆ ಬೆಳ್ಳಿ ಎಂಬ ಬೂದುಬಣ್ಣದ ಹೆಣ್ಣುಕುದುರೆಯ ಮೇಲೆ ಜೀವ. ಲಾಯದವರು ನೀರು ಕುಡಿಸಲು ಹೊಳೆಗೆ ತಂದಾಗಲೆಲ್ಲ ಅವನು ಅದಕ್ಕೆ ಹಸಿ ಗರಿಕೆ ತಿನ್ನಿಸುತ್ತಿದ್ದ. ಅದು ಗೆದ್ದ ದಿನ ಅವನಿಗೆ ಇನ್ನೊಂದು ಮುದ್ದೆ ಬೇಕು. ಸೋತ ದಿನ ಊಟಕ್ಕೇ ಏಳುತ್ತಿರಲಿಲ್ಲ.

ಆಮೇಲೆ ಹಂಪಣ್ಣ ಎಂಬ ಹೊಸ ಶಿಷ್ಯ ಬಂದ. ಕಾಡಿಗೆ ಎಂಬ ಕಪ್ಪು ಕುದುರೆಯನ್ನು ತೋರಿಸಿ, ಇನ್ನು ಅದು ನನ್ನದು ಎಂದ. ಒಂದು ಎಸಳು ಹುಲ್ಲು ಕೊಟ್ಟವನಲ್ಲ. ಕಾಡಿಗೆ ಗೆದ್ದಿತು. ಗೆಲ್ಲುತ್ತಲೇ ಹೋಯಿತು.

"ಏನು ಏಕಾಂತಣ್ಣ, ನಿಮ್ಮ ಬೆಳ್ಳಿ ಪೂಜೆಗೆ ಹೂ ಬಿಡಿಸೋಕೆ ಹೊರಟ ಹಾಗಿದೆಯಲ್ಲ?" ಎಂದು ಹಂಪಣ್ಣ ನಗುತ್ತಿದ್ದ.

ಕಾಡಿಗೆ ಕೆಮ್ಮಿತು ಎಂದು ಯಾರಾದರೂ ಹೇಳಿದರೆ ಅಂದು ಏಕಾಂತಯ್ಯನಿಗೆ ಹಬ್ಬ.

ಬೆಳ್ಳಿಗೆ ವಯಸ್ಸಾಯಿತು. ಈ ಹುಣ್ಣಿಮೆಯದೇ ಅದರ ಕೊನೆಯ ಓಟ ಎಂದು ಲಾಯದವರು ಹೇಳಿದರು. ಹುಣ್ಣಿಮೆಯ ಬೆಳಗ್ಗೆ ಏಕಾಂತಯ್ಯ ಗುರುಗಳ ಕಾಲಿಗೆ ಬಿದ್ದು, ಅದು ಇನ್ನೊಂದು ಸಲ ಗೆಲ್ಲುವುದನ್ನು ಕಣ್ತುಂಬ ನೋಡಿದರೆ ಸಾಕು, ಬೇರೇನೂ ಬೇಡ ಎಂದ.

"ನೋಡಿ ಬಾ. ಬಂದು ನನಗೂ ಹೇಳು," ಎಂದರು ಗುರುಗಳು.

ಸಂಜೆ ಎಲ್ಲರೂ ಮರಳಿದ ಮೇಲೆ ಅವನು ಓಡೋಡಿ ಬಂದ.

"ಗುರುಗಳೇ, ಕಾಡಿಗೆ ಸೋತಿತು."

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಕಾಡಿಗೆ ತಿರುವಿನಲ್ಲಿ ಹಿಂದೆ ಬಿದ್ದದ್ದು, ಅದರ ಬಾಯಿಗೆ ನೊರೆ ಬಂದದ್ದು, ತಲೆ ತಗ್ಗಿಸಿಕೊಂಡು ಲಾಯ ಸೇರಿದ್ದು, ಎಲ್ಲವನ್ನೂ ಅವನು ಬಣ್ಣಿಸಿದ.

"ಗೆದ್ದದ್ದು ಯಾವುದು?"

"ಬೆಳ್ಳಿ."

ಗುರುಗಳ ಕೈ ನಿಂತಿತು. "ಹೇಗೆ ಓಡಿತು?"

ಏಕಾಂತಯ್ಯನ ಕಣ್ಣೊಳಗೆ ಕಪ್ಪು ಕುದುರೆಯೊಂದೇ ಇತ್ತು. ಜನ ಬೆಳ್ಳಿಯ ಹೆಸರು ಕೂಗಿದಾಗ ಅವನು ತಿರುಗಿದ್ದ. ಅಷ್ಟರಲ್ಲಿ ಅದರ ಬೆನ್ನಿಗೆ ಕಂಬಳಿ ಹೊದಿಸಿಯಾಗಿತ್ತು.

"ನಾನು ನೋಡಲಿಲ್ಲ," ಎಂದ. "ಇನ್ನು ಅದು ಓಡುವುದೂ ಇಲ್ಲ."

ಅಡುಗೆಮನೆಯಿಂದ ಹಂಪಣ್ಣನ ದನಿ ಕೇಳುತ್ತಿತ್ತು, ನಡುನಡುವೆ ಉಳಿದವರ ಉದ್ಗಾರ. ಗುರುಗಳು ಅತ್ತ ಕಿವಿಗೊಟ್ಟರು.

"ಬೇಗ ಹೋಗು. ಹಂಪಣ್ಣ ಬೆಳ್ಳಿಯ ಓಟ ಹೇಳುತ್ತಿದ್ದಾನೆ. ಅದು ಇನ್ನೂ ತಿರುವಿನಲ್ಲಿದೆ."