ಜಾರಿದ ಗಂಟು

ನನ್ನ ಅಕ್ಷರ ಅಂದವಾಗಿಲ್ಲ; ಮಾತು ಪೋಣಿಸುವ ರೂಢಿಯೂ ನನಗಿಲ್ಲ. ಓದುವವರು ದಯವಿಟ್ಟು ಸೈರಿಸಿಕೊಳ್ಳಬೇಕು.

ಬಾವಿಯ ಮೇಲೆ ಬಾಗಿದ ಜಾಲಿಯ ಮರದಲ್ಲಿ ಗೀಜಗಗಳು ಒಟ್ಟುಗೂಡಿ, ನೇಯಲು ಬಾರದ ಹಕ್ಕಿಗಳಿಗಾಗಿ ಗೂಡುಗಳನ್ನು ನೇಯುತ್ತಿದ್ದವು. ಅದಕ್ಕೆ ಬೆಲೆಯಿರಲಿಲ್ಲ, ಒಂದು ಕೋರಿಕೆ ಮಾತ್ರವಿತ್ತು. "ಮೊಟ್ಟೆಯಿಡುವ ಮೊದಲು ಒಳಗೆ ಕುಳಿತು ಜೀಕಿ ನೋಡಿ. ಎಲ್ಲಿ ಸಡಿಲವೆಂದು ಹೇಳಿ, ಬಿಗಿದು ಕೊಡುತ್ತೇವೆ" ಎಂದು ಹಿರಿಯ ಗೀಜಗ ಎಲ್ಲರನ್ನೂ ಬೇಡುತ್ತಿತ್ತು.

ಗೊರವಂಕ ಹೊರಗೇ ನಿಂತು, "ನೀನು ನೇಯ್ದದ್ದನ್ನು ಪರೀಕ್ಷಿಸಲು ನನಗೇನು ಕೊಬ್ಬೇ, ಅಣ್ಣಾ?" ಎಂದು ನಕ್ಕು ಹಾರಿಹೋಯಿತು. ಗುಬ್ಬಿಯೊಂದು ಒಳಗೆ ಕುಳಿತು ಜೀಕಿತು. ಕೊಂಬೆಗೆ ಕಟ್ಟಿದ್ದ ಗಂಟು ತುಸು ಜಾರಿದ್ದು ಅದಕ್ಕೆ ತಿಳಿಯಿತು.

"ಹೇಗಿದೆ ತಂಗಿ?" ಎಂದಿತು ಗೀಜಗ.

"ಬಹಳ ಚೆನ್ನಾಗಿದೆ ಅಣ್ಣಾ" ಎಂದ ಗುಬ್ಬಿ, ಸದ್ದಿಲ್ಲದೆ ಬೇರೊಂದು ಮರದ ಪೊಟರೆ ಸೇರಿಕೊಂಡಿತು.

ಆ ಮಾತನ್ನು ಕೇಳಿದ್ದ ರಾಟವಾಳ ಹಕ್ಕಿ, ನಂಬಿ ಅದೇ ಗೂಡಿನಲ್ಲಿ ಮೊಟ್ಟೆಯಿಟ್ಟಿತು. ಗಾಳಿ ಜೋರಾದ ದಿನ ಗಂಟು ಬಿಚ್ಚಿ, ಗೂಡು ಮೊಟ್ಟೆಗಳೊಡನೆ ಬಾವಿಗೆ ಬಿದ್ದಿತು.

ಗುಬ್ಬಿ ಅಳುತ್ತಾ ಬಂದಿತು. "ಗಂಟು ಜಾರಿದ್ದು ನನಗೆ ಗೊತ್ತಿತ್ತು ಅಣ್ಣಾ. ಪುಕ್ಕಟೆ ಕೊಟ್ಟವರ ಮುಂದೆ ಕೊರತೆ ಹೇಳಲು ನಾಚಿಕೆಯಾಯಿತು."

"ನಾವು ನಿನ್ನಿಂದ ಕೇಳಿದ್ದು ಅದೊಂದನ್ನೇ ತಂಗಿ" ಎಂದಿತು ಗೀಜಗ.

ರಾಟವಾಳ ಬಾವಿಯ ಕಟ್ಟೆಯ ಮೇಲೆ ಕುಳಿತು ನೀರನ್ನೇ ನೋಡುತ್ತಿತ್ತು. ಅದರ ಬಳಿಗೆ ಹೋಗಲು ಇಬ್ಬರಿಗೂ ಮುಖವಿರಲಿಲ್ಲ.

ಬರೆದದ್ದರಲ್ಲಿ ತಪ್ಪಿದ್ದರೆ ಕ್ಷಮಿಸಬೇಕೆಂದು ಬೇಡುತ್ತೇನೆ. ಎಲ್ಲಿ ಎಂದು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.